ಉಲ್ಟಾ ಕಟ್ಟಿದ ತಂತಿಗಳು

ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ದೂರು ಬಂತು. ತಂದವನು ಗಿಟಾರ್ ವಾದಕ. ಅಭಿಮಾನಿಗಳು ಇಟ್ಟ ‘ಗುಡುಗು’ ಎಂಬ ಹೆಸರೇ ಅವನಿಗೆ ನಿಂತುಬಿಟ್ಟಿತ್ತು. ಐವತ್ತು ದಾಟಿದರೂ ಚರ್ಮದ ಜಾಕೆಟ್ಟು ಬಿಟ್ಟಿರಲಿಲ್ಲ. ಠಾಣೆಯ ಅರ್ಧ ಜನ ಕೆಲಸ ಬಿಟ್ಟು ಬಾಗಿಲಿಗೆ ಬಂದರು.

“ಮೇಡಂ, ಗುಡುಗು ಬಂದಿದೆ. ಕೊಡೆ ತೆಗೆದಿಟ್ಕೊಳ್ಳಿ,” ಎಂದ ಮುಖ್ಯಪೇದೆ. ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ದೂರುದಾರನನ್ನು ಕೂರಿಸಿದಳು.

ವರ್ಷಗಟ್ಟಲೆ ಸುಮ್ಮನಿದ್ದವನು ಈಚೆಗೆ ಹೊಸ ಆಲ್ಬಮ್ ತಂದಿದ್ದ. ಅದು ಎಲ್ಲರ ಬಾಯಲ್ಲೂ ಇತ್ತು. ಆ ಆಲ್ಬಮ್ಮಿನ ರೆಕಾರ್ಡಿಂಗಿಗೆ ಬಳಸಿದ ಎರಡು ಗಿಟಾರು, ಆಂಪ್ಲಿಫೈಯರು, ಕಾಲಲ್ಲಿ ಒತ್ತುವ ಪೆಡಲುಗಳ ಪೆಟ್ಟಿಗೆ, ಮೈಕುಗಳು ಎಲ್ಲವೂ ಭಾನುವಾರ ಅವನ ಸ್ಟುಡಿಯೋದಿಂದ ಮಾಯವಾಗಿದ್ದವು. ಬುಧವಾರ ಟಿವಿಯವರು ಬಂದು ಆ ಸಾಮಾನುಗಳನ್ನೂ, ಅವುಗಳಲ್ಲಿ ಅವನು ನುಡಿಸುವುದನ್ನೂ ಚಿತ್ರೀಕರಿಸಬೇಕಿತ್ತು. ಎಫ್‌ಐಆರ್ ಬರೆದಾಯಿತು. ಗುಡುಗು ಬಲಗೈಯಲ್ಲಿ ಸಹಿ ಹಾಕಿದ. ಎಡಗೈ ಜಾಕೆಟ್ಟಿನ ಜೇಬು ಬಿಟ್ಟು ಹೊರಗೆ ಬರಲಿಲ್ಲ.

ಸ್ಟುಡಿಯೋ ಎಂದರೆ ಒಂದು ಹಳೇ ಕಟ್ಟಡದ ಮೂರನೇ ಮಹಡಿಯ ಕೋಣೆ. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದಿತ್ತು. ಒಳಗೆ ಮಾತಾಡಿದರೆ ಮಾತು ಬಾಯಿಂದ ಬಿದ್ದಲ್ಲೇ ಸಾಯುತ್ತಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕಿಟಕಿ ಭದ್ರವಾಗಿತ್ತು. ಬೀಗದ ಕೈ ಒಂದು ಗುಡುಗಿನ ಬಳಿ, ಇನ್ನೊಂದು ಕೆಳಗಿನ ಕಾವಲುಗಾರನ ಬಳಿ ಇದ್ದವು. ಭಾನುವಾರ ಮಧ್ಯಾಹ್ನ ಎಲ್ಲಿದ್ದೆ ಎಂದು ಕೇಳಿದರೆ ಕಾವಲುಗಾರ ಸ್ವಲ್ಪ ಹೊತ್ತು ತಡವರಿಸಿ, ಮೈ ಹುಷಾರಿಲ್ಲದೆ ಮಲಗಿದ್ದೆ ಎಂದ. ಅಷ್ಟು ಸಾಕಾಯಿತು. ಪೇದೆಗಳು ಅವನ ಓಣಿಗೆ ಜೀಪು ನುಗ್ಗಿಸಿ, ಮನೆಯ ಮಂಚದ ಅಡಿಯನ್ನೂ ಬಿಡದೆ ಜಾಲಾಡಿ, ಅವನನ್ನು ಎಳೆತಂದು ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

ಮೇಲಿನವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಸಂಜೆ ಮುಖ್ಯಪೇದೆ ಕಾವಲುಗಾರನನ್ನು ಹಿಂದಿನ ಕೋಣೆಗೆ ಕರೆದೊಯ್ದ. ಅಲ್ಲಿಂದ ಎರಡು ಏಟಿನ ಸದ್ದು ಕೇಳಿತು. ಇನ್‌ಸ್ಪೆಕ್ಟರ್ ಕಡತದಿಂದ ತಲೆ ಎತ್ತಲಿಲ್ಲ.

ಮರುದಿನ ಗುಡುಗು ವಿಚಾರಿಸಲು ಬಂದ. ಬೆಂಚಿನಲ್ಲಿದ್ದ ಕಾವಲುಗಾರ ಎದ್ದುನಿಂತ. ಅವನ ಕೆನ್ನೆ ಊದಿತ್ತು. “ಸಾರ್, ನೀವಾದ್ರೂ ಒಂದು ಮಾತು ಹೇಳಿ. ಇಷ್ಟು ವರ್ಷದಿಂದ ನೋಡಿದೀರಲ್ಲ,” ಎಂದ. ಗುಡುಗು ಗೋಡೆಯ ಗಡಿಯಾರ ನೋಡಿದ, ಹೊರಟುಹೋದ. ತನ್ನನ್ನು ನಂಬಿದವನ ಪರ ಸುಳ್ಳಿಗಾದರೂ ಒಂದು ಮಾತಾಡದ ಆ ಬೆನ್ನು ಇನ್‌ಸ್ಪೆಕ್ಟರಿಗೆ ಯಾಕೋ ಸರಿಕಾಣಲಿಲ್ಲ.

ಕಳೆದುಹೋದ ಸಾಮಾನಿನ ಫೋಟೋ ಕೇಳಿದಾಗ ಅವನು ಒಂದೂ ಇಲ್ಲ ಎಂದಿದ್ದ. ಸುಮ್ಮನೆ ನಿಂತರೂ ಫೋಟೋ ತೆಗೆಸಿಕೊಳ್ಳುವ ಮನುಷ್ಯ ಹಾಗೆಂದರೆ ನಂಬುವುದು ಹೇಗೆ? ಅವಳು ಅವನ ಮನೆಗೆ ಹೋದಳು. ಮಗಳು ಇದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ, ಇಪ್ಪತ್ತೈದರ ಹುಡುಗಿ. ಅವಳ ಫೋನಿನಲ್ಲಿ ಒಂದು ಚಿತ್ರವಿತ್ತು: ಆಂಪ್ಲಿಫೈಯರಿಗೆ ಒರಗಿಸಿಟ್ಟ ಕೆಂಪು ಗಿಟಾರು. ಹುಡುಗಿ ಹೇಳಿಕೆಗೆ ಸಹಿ ಹಾಕಿದಳು. ಎಡಗೈಯಲ್ಲಿ.

ವಾದ್ಯದಂಗಡಿಯವನಿಗೆ ಚಿತ್ರ ತೋರಿಸಿದರೆ ಅವನು ಕನ್ನಡಕ ಏರಿಸಿಕೊಂಡ. “ಇದಕ್ಕೆ ತಂತಿ ಉಲ್ಟಾ ಕಟ್ಟಿದೆ ಮೇಡಂ. ಎಡಗೈಯಲ್ಲಿ ಮೀಟೋರಿಗೆ.”

“ಬಲಗೈಯೋರು ನುಡಿಸೋಕಾಗಲ್ವಾ?”

“ನೀವು ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಓಡ್ತೀರಾ?”

ಎದುರಿನ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಭಾನುವಾರ ಮಧ್ಯಾಹ್ನ ಕಟ್ಟಡದ ಮುಂದೆ ನಿಂತ ಸರಕಿನ ಟೆಂಪೋ ಸಿಕ್ಕಿತು. ಚಾಲಕನನ್ನು ಪತ್ತೆಹಚ್ಚಲು ಮುಖ್ಯಪೇದೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಮಾನು ತುಂಬಿಸಿದವನು ಟೋಪಿ ಎಳೆದುಕೊಂಡಿದ್ದ, ಮುಖ ಕಾಣಲಿಲ್ಲ ಎಂದ ಚಾಲಕ. ಆದರೆ ಒಂದು ವಿಷಯ ಅವನಿಗೆ ನೆನಪಿತ್ತು. ಆ ಮನುಷ್ಯ ಪೆಟ್ಟಿಗೆಗಳನ್ನು ಎಡ ಮೊಣಕೈಯಲ್ಲಿ ಅವುಚಿ ಹಿಡಿಯುತ್ತಿದ್ದನಂತೆ. ಆ ಕೈಯ ಬೆರಳುಗಳು ಮಡಚುತ್ತಲೇ ಇರಲಿಲ್ಲವಂತೆ.

ಟೆಂಪೋ ಹೋಗಿದ್ದು ಒಂದು ಹೊಲಿಗೆ ಅಂಗಡಿಗೆ. ಅಂಗಡಿ ಗುಡುಗಿನ ಅಕ್ಕನದು. ಅವಳು ಮುಚ್ಚಿಡಲಿಲ್ಲ. ತಮ್ಮ ಹಳೇ ಸಾಮಾನು ಅಂತ ತಂದಿಟ್ಟ, ನಾನು ಬಿಚ್ಚಿಯೂ ನೋಡಿಲ್ಲ ಎಂದು ಅಟ್ಟದ ಏಣಿ ತೋರಿಸಿದಳು. ಬಟ್ಟೆಯ ಸುರುಳಿಗಳ ಹಿಂದೆ ದೂರಿನಲ್ಲಿ ಬರೆಸಿದ್ದ ಅಷ್ಟೂ ಇತ್ತು. ಜಪ್ತಿ ಪಂಚನಾಮೆ ಬರೆಯುವಾಗ ಆಕೆ ಮೆಲ್ಲಗೆ, “ಏನು ಮಾಡ್ಕೊಂಡ ಇವನು?” ಎಂದಳು.

ಸಂಜೆ ಗುಡುಗನ್ನು ಠಾಣೆಗೆ ಕರೆತಂದರು. ಇನ್‌ಸ್ಪೆಕ್ಟರ್ ಕೆಂಪು ಗಿಟಾರನ್ನು ಮೇಜಿನ ಮೇಲಿಟ್ಟಳು.

“ಇದು ಯಾರದ್ದು?”

“ಮಗಳದ್ದು.”

“ಇನ್ನೊಂದು?”

“ಅದೂ ಅವಳದ್ದೇ.”

“ಆಲ್ಬಮ್ಮಲ್ಲಿ ನುಡಿಸಿದ್ದು?”

ಅವನು ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ತಂತಿ ಒತ್ತಬೇಕಾದ ಎರಡು ಬೆರಳು ಕಟ್ಟಿಗೆಯಂತೆ ಸೆಟೆದಿದ್ದವು. “ನನ್ನ ಕೈಯೇ ನನಗೆ ಕೈಕೊಡ್ತು ಮೇಡಂ. ಮೂರು ವರ್ಷ ಆಯ್ತು.”

ಉಳಿದದ್ದು ತಾನಾಗಿಯೇ ಹೊರಬಂತು. ಮಗಳು ಚಿಕ್ಕವಳಿದ್ದಾಗ ಗಿಟಾರನ್ನು ತಿರುಗಾಮುರುಗಾ ಹಿಡಿಯುತ್ತಾಳೆಂದು ಅವನೇ ಕಿತ್ತುಕೊಂಡು ಬೈಯುತ್ತಿದ್ದ. ಅವಳು ಕದ್ದು ಕಲಿತಳು. ಅವನ ಕೈ ನಿಂತಾಗ, ಅಪ್ಪಾ ನೀವು ಹಾಡಿ ತೋರಿಸಿ, ನಾನು ನುಡಿಸ್ತೀನಿ ಎಂದಳು. ಆಲ್ಬಮ್ಮಿನ ಮೇಲೆ ಇಬ್ಬರ ಹೆಸರೂ ಇರುತ್ತದೆ ಎಂದು ಮಾತು ಕೊಟ್ಟಿದ್ದ. ಅಚ್ಚಿಗೆ ಹೋಗುವಾಗ ಅವಳ ಹೆಸರು ತೆಗೆಸಿದ. ಆಮೇಲೆ ಟಿವಿಯವರು ಬರುತ್ತೇವೆಂದರು. ಕ್ಯಾಮೆರಾ ಮುಂದೆ ಉಲ್ಟಾ ತಂತಿಯೂ ಸೆಟೆದ ಬೆರಳೂ ಒಟ್ಟಿಗೆ ಸಿಕ್ಕಿಬೀಳುತ್ತಿದ್ದವು.

“ಮಗಳು ನುಡಿಸಿದ್ದು ಅನ್ನೋಕೆ ನಾಚಿಕೆ ಇರ್ಲಿಲ್ಲ,” ಎಂದ. “ನನ್ನ ಕೈಲಿ ಆಗಲ್ಲ ಅನ್ನೋಕಿತ್ತು.”

“ಆ ಕಾವಲುಗಾರ ಬೆಂಚಲ್ಲಿ ಕೂತಿದ್ದು ನೋಡಿದ್ರಿ.”

“ನೋಡ್ದೆ.”

“ಕೆನ್ನೆ?”

“ಅದನ್ನೂ ನೋಡ್ದೆ. ಆಮೇಲೆ ಬೇರೆ ಕಡೆ ನೋಡ್ದೆ.”

ಯಾಕೆ ಸುಮ್ಮನಿದ್ರಿ ಎಂಬ ಮುಂದಿನ ಪ್ರಶ್ನೆ ಇನ್‌ಸ್ಪೆಕ್ಟರಿನ ನಾಲಿಗೆಯ ತುದಿಯಲ್ಲೇ ಉಳಿಯಿತು. ಅದನ್ನು ಕೇಳುವ ಮುಖ ತನಗಿಲ್ಲ ಎನ್ನಿಸಿತು. ಮಗಳ ಗಿಟಾರುಗಳನ್ನು ಸಾಗಿಸಿದ್ದಕ್ಕೂ ಸುಳ್ಳು ದೂರು ಕೊಟ್ಟಿದ್ದಕ್ಕೂ ಅವನನ್ನು ಬಂಧಿಸಲಾಯಿತು. ಮಗಳು ಬಂದು ಹೊರಗೆ ನಿಂತಿದ್ದಳು. ಅಪ್ಪ ಅವಳ ಮುಂದೆಯೇ ಹಾದುಹೋದ; ಈ ಸಲ ಎಡಗೈ ಜೇಬಿನಲ್ಲಿರಲಿಲ್ಲ. ಅವಳು ಆ ಕೈಯನ್ನೇ ಹಿಡಿದುಕೊಂಡು ಜೀಪಿನವರೆಗೆ ನಡೆದಳು.

ಇನ್‌ಸ್ಪೆಕ್ಟರ್ ಮುಖ್ಯಪೇದೆಯ ಮೇಲೆ ವರದಿ ಬರೆದಳು. ಸದ್ದು ಕೇಳಿಯೂ ನಾನು ಎದ್ದುಹೋಗಲಿಲ್ಲ ಎಂಬ ಸಾಲನ್ನೂ ಸೇರಿಸಿದಳು. ಕಾವಲುಗಾರನನ್ನು ಬಿಟ್ಟುಕಳಿಸಿಯಾಗಿತ್ತು, ಆದರೆ ಕಟ್ಟಡದವರು ಅವನನ್ನು ಕೆಲಸದಿಂದ ತೆಗೆದಿದ್ದರು. ಕತ್ತಲಾದ ಮೇಲೆ ಅವಳು ಸಾದಾ ಬಟ್ಟೆಯಲ್ಲಿ, ಸ್ಕೂಟರಿನಲ್ಲಿ ಅವನ ಮನೆ ಹುಡುಕಿಕೊಂಡು ಹೋದಳು. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಅವನ ಹೆಂಡತಿ ಒಳಗಿಂದ ಹೊರಗೆ ಬರಲಿಲ್ಲ.

“ತಪ್ಪಾಯ್ತು ಅಂತ ಹೇಳೋಕೆ ಬಂದೆ,” ಎಂದಳು.

“ಕರ್ಕೊಂಡು ಹೋಗೋಕೆ ಜೀಪಲ್ಲಿ ಬಂದಿದ್ರು, ಹಾಡುಹಗಲಲ್ಲಿ,” ಎಂದ ಅವನು, ದನಿ ಏರಿಸದೆ. “ಇದನ್ನೂ ಹಾಗೇ ಬಂದು ಹೇಳಿ ಮೇಡಂ. ನಾನು ಕಳ್ಳ ಅಲ್ಲ ಅಂತ ನನಗೆ ಗೊತ್ತೇ ಇತ್ತು.”

ಮರುದಿನ ಬೆಳಿಗ್ಗೆ, ಜನ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ನಿಂತಿದ್ದಾಗ, ಜೀಪು ಓಣಿಯೊಳಗೆ ಬಂತು. ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡು ಇಳಿದಳು.