ಟೇಬಲ್ ರೋಸ್‌ಗೆ ನೀರು ಹಾಕಿದವನು

"ಪೈಪು ಕೆಳಗಿಡಿ."

ಕೆಂಪರಾಜು ಬೆಚ್ಚಿ ತಿರುಗಿದ. ಶಾಲೆಯ ಗೇಟಿನ ಬಳಿ ಪ್ರತಿಮಾ ನಿಂತಿದ್ದಳು. ಅವನ ಕೈಯ ಪೈಪಿನಿಂದ ನೀರು ಅವಳು ನೆಟ್ಟ ಟೇಬಲ್ ರೋಸ್ ಮೇಲೆ ಸುರಿಯುತ್ತಲೇ ಇತ್ತು.

ಅಯ್ಯೋ... ಇವನೇ ಆಗಬೇಕಿತ್ತಾ?

ಕಳೆದ ವರ್ಷ ಅವಳ ಊರು ಅಕ್ಕೂರಿಗೆ ಅವಳನ್ನು ನೋಡಲು ಬಂದಿದ್ದ ಗಂಡು ಇವನು. ಅವಳು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು. ಆದರೆ ಹುಡುಗ ಒಪ್ಪಲಿಲ್ಲ ಎಂದು ಸಂಬಂಧ ತಂದಿದ್ದ ದಾಸಪ್ಪ ಬಂದು ಹೇಳಿದ. ಈ ಜೂನ್‌ನಲ್ಲಿ ಹೊಂಗನೂರಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಾಗ, ಬೇಲಿಯಾಚೆಯ ಹಿಪ್ಪುನೇರಳೆ ತೋಟ ಇವನದೇ ಎಂದು ತಿಳಿದು, ಅವಳು ಆ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ.

ಶಾಲೆಯ ಅಂಗಳ ಬರೀ ಜಲ್ಲಿ ಬೆರೆತ ಕೆಂಪು ಮಣ್ಣು. ಗಾಳಿ ಬೀಸಿದರೆ ಮಕ್ಕಳ ಊಟದ ತಟ್ಟೆಗೆಲ್ಲ ಧೂಳು. ನೀರು ಬೇಡದೆ ನೆಲಕ್ಕೆ ಹಾಸಿದಂತೆ ಹಬ್ಬುತ್ತದೆ ಎಂದೇ ಅವಳು ಮನೆಯಿಂದ ಟೇಬಲ್ ರೋಸ್ ತುಂಡುಗಳನ್ನು ತಂದು ನೆಟ್ಟಿದ್ದಳು. ಚಿಗುರಿ, ಗುಲಾಬಿ, ಹಳದಿ ಹೂ ಬಿಟ್ಟವು. ಆಮೇಲೆ ಯಾಕೋ ಒಂದೊಂದೇ ಕೊಳೆಯತೊಡಗಿದವು. ಅವಳು ಮಣ್ಣನ್ನು ಬೈದಳು, ಹುಳುವನ್ನು ಬೈದಳು, ಕೊನೆಗೆ ತನ್ನ ಕೈಗುಣವನ್ನೇ ಬೈದುಕೊಂಡಳು.

"ಬಾಡಿದಂಗೆ ಕಂಡ್ವು... ಅದಕ್ಕೆ ಒಸಿ ನೀರು ಬುಟ್ಟೆ," ಎಂದ ಕೆಂಪರಾಜು.

"ಒಸಿನಾ? ಇದೇನು ಕಬ್ಬಿನ ಗದ್ದೇನಾ? ಇದ್ರ ಕಾಂಡದಲ್ಲೇ ನೀರೈತೆ. ನೀವು ಹಾಕಿ ಹಾಕಿ ಬೇರು ಕೊಳೆತೋಯ್ತು."

ಅವನು ತಲೆ ತಗ್ಗಿಸಿ ಪೈಪು ಸುತ್ತಿಕೊಂಡು ಹೋದ. ಸದ್ಯ, ಪೀಡೆ ತೊಲಗಿತು ಅಂದುಕೊಂಡಳು.

ಸೋಮವಾರ ಬಂದು ನೋಡಿದರೆ, ಉಳಿದ ಗಿಡಗಳ ಮೇಲೆ ಒಂದು ಬಂಡಿ ಕೊಟ್ಟಿಗೆ ಗೊಬ್ಬರ!

ಪ್ರತಿಮಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬ್ಯಾಗನ್ನೂ ಇಳಿಸದೆ ನೇರ ಅವನ ತೋಟಕ್ಕೆ ನಡೆದಳು. ಅವನು ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯುತ್ತಿದ್ದ.

"ನನ್ನ ಮೇಲೆ ನಿಮಗೇನು ಕೋಪ? ಬ್ಯಾಡ ಅಂದೋರು ನೀವು. ಅಂದ್ಮೇಲೆ ನನ್ನ ಪಾಡಿಗೆ ನನ್ನ ಬಿಡಬಾರ್ದಾ?"

ಕುಡುಗೋಲು ಅವನ ಕೈಯಲ್ಲೇ ನಿಂತಿತು.

"ಬ್ಯಾಡ ಅಂದೋರು ನೀವಲ್ವಾ? ರೇಷ್ಮೆ ಹುಳ ಸಾಕೋನು ನಂಗೆ ಬ್ಯಾಡ ಅಂದ್ರಂತೆ... ದಾಸಪ್ಪಣ್ಣ ಬಂದು ಹೇಳಿದ್ರು."

"ನೀವೇ ಒಪ್ಪಲಿಲ್ಲ ಅಂತ ನಮ್ಮನೇಲಿ ಹೇಳಿದ್ದೂ ಅವ್ರೇ!" ಎಂದಳು ಪ್ರತಿಮಾ. ಆಮೇಲೆ ಅವನೇ ಹೇಳಿದ. ಅದರ ಮುಂದಿನ ತಿಂಗಳೇ ದಾಸಪ್ಪ ತನ್ನ ನೆಂಟರ ಹುಡುಗಿಯ ಜಾತಕ ಹಿಡಿದು ಬಂದಿದ್ದನಂತೆ. ಇವನು ಒಪ್ಪಿರಲಿಲ್ಲ.

ಇಡೀ ಒಂದು ವರ್ಷ... ಯಾರೋ ಹೇಳಿದ ಸುಳ್ಳಿಗೆ! ಅಳು ಬರುತ್ತಿದೆಯೋ ಸಿಟ್ಟು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ.

"ನನ್ನನ್ನೇ ಬಂದು ಕೇಳೋಕೆ ಏನಾಗಿತ್ತು ನಿಮಗೆ?"

"ಭಯ. ನೀವು ಮುಖಕ್ಕೇ ಬ್ಯಾಡ ಅಂದ್ಬುಟ್ರೆ ಅಂತ. ಅದಕ್ಕೇ... ನೀವು ನೆಟ್ಟಿದ್ದನ್ನಾದ್ರೂ ಬದುಕಿಸೋಣ ಅಂತ."

"ಬದುಕಿಸಿದ್ದು ಸಾಕು," ಎಂದಳು. ಎಷ್ಟು ತಡೆದರೂ ತುಟಿಯಂಚಿನಲ್ಲಿ ನಗು ಇಣುಕಿತು.

ಅವನು ಕುಡುಗೋಲು ಕೆಳಗಿಟ್ಟು, ಟವೆಲ್‌ಗೆ ಕೈ ಒರೆಸಿಕೊಂಡ. "ಈಗ ಕೇಳ್ಲಾ?"

"ಬೇಗ ಕೇಳಿ. ಪ್ರಾರ್ಥನೆಗೆ ಬೆಲ್ ಹೊಡೀತಾರೆ."

"ನನ್ನ ಮದುವೆ ಆಗ್ತೀರಾ?"

"ಒಂದು ವರ್ಷದಿಂದ ಹೂಂ ಅಂತಾನೇ ಇದ್ದೀನಿ," ಎಂದಳು ಪ್ರತಿಮಾ. "ನಿಮಗೇ ಕೇಳಿಸಿರ್ಲಿಲ್ಲ."