ಹಳದಿ ತೂತಿಗೆ ಕೆಂಪು ಪಿನ್ನು

ಅವಳು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಜಗಳಕ್ಕೆ. ಕೈಯಲ್ಲಿ ಎಚ್‌ಡಿಎಂಐ ಕೇಬಲ್ಲಿತ್ತು.

"ಎಲ್ಲಾ ಟಿವಿಗೂ ಆಗುತ್ತೆ ಅಂದ್ರಲ್ಲ? ನಮ್ಮ ಟಿವಿಲಿ ಇದಕ್ಕೆ ತೂತೇ ಇಲ್ಲ."

"ನಾನೆಲ್ಲಿ ಅಂದೆ ಮೇಡಂ? ನಿಮ್ಮನ್ನ ನೋಡ್ತಿರೋದೇ ಇವತ್ತು. ಕವರ್ ಮೇಲೆ ಯಾವ ಅಂಗಡಿ ಹೆಸರಿದೆ ಓದಿ."

ಓದಿದಳು. ಅದು ಪಕ್ಕದ ಬೀದಿಯ ಅಂಗಡಿಯದು.

"ಕನ್ನಡಕದ ಅಂಗಡೀಲಿ ಕೆಲಸ ನನಗೆ. ದಿನವೆಲ್ಲಾ ಜನರ ಕೈಲಿ ಅಕ್ಷರ ಓದಿಸ್ತೀನಿ," ಎಂದು ತನ್ನ ಪಾಡಿಗೆ ತಾನೇ ನಕ್ಕಳು. ನಗುವಾಗ ಅವಳ ತುಟಿಯ ಎಡತುದಿ ಮಾತ್ರ ಮೇಲೇಳುತ್ತದೆ. ಅದನ್ನು ನಾನು ಅವತ್ತೇ ಗಮನಿಸಿದೆ. ಗಮನಿಸಬಾರದಿತ್ತು.

ಟಿವಿಯ ಬೆನ್ನಿನ ಫೋಟೋ ತೋರಿಸಿದಳು. ಹಳೇ ಟಿವಿ. ಹಳದಿ, ಬಿಳಿ, ಕೆಂಪು ತೂತುಗಳು. ಜೋಡಿಸಬೇಕಿದ್ದದ್ದು ಟೇಪು ಹಾಕುವ ಹಳೇ ವಿಡಿಯೋ ಕ್ಯಾಮೆರಾ.

"ಅಮ್ಮ ಹೋಗಿ ಒಂಬತ್ತು ವರ್ಷ ಆಯ್ತು. ಅವಳು ಓಡಾಡೋದು, ಮಾತಾಡೋದು ಇರೋದು ಈ ಟೇಪಲ್ಲಿ ಮಾತ್ರ. ಅಪ್ಪನಿಗೆ ಒಂದು ಕಣ್ಣು ಹೋಗಿದೆ. ಇನ್ನೊಂದು ಎಷ್ಟು ದಿನವೋ ಡಾಕ್ಟರೂ ಹೇಳ್ತಿಲ್ಲ. ಕ್ಯಾಮೆರಾದ ಪುಟ್ಟ ಪರದೇಲಿ ಅವರಿಗೆ ಏನೂ ಕಾಣಲ್ಲ. ದೊಡ್ಡದಾಗಿ ಒಂದ್ಸಲ ನೋಡ್ಬೇಕಂತೆ."

ಒಂದು ತುದಿಯಲ್ಲಿ ಇಯರ್‌ಫೋನಿನಂಥ ಪಿನ್ನು, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್ನುಗಳಿರುವ ಕೇಬಲ್ ಕೊಟ್ಟೆ. ಮರುದಿನ ಮತ್ತೆ ಬಂದಳು.

"ಅಮ್ಮನ ದನಿ ಬರುತ್ತೆ, ಜೊತೆಗೆ ಗೊರ್ ಅನ್ನೋ ಸದ್ದು. ಚಿತ್ರ ಮಾತ್ರ ಇಲ್ಲ."

ನನಗೆ ತಕ್ಷಣ ತಿಳಿಯಿತು. ಇಂಥ ಕೇಬಲ್ಲುಗಳು ನೋಡುವುದಕ್ಕೆ ಒಂದೇ ಥರ. ಒಳಗೆ ತಂತಿ ಜೋಡಿಸುವ ಕ್ರಮ ಕಂಪನಿಗೊಂದು. ಅವಳ ಕ್ಯಾಮೆರಾದಲ್ಲಿ ಚಿತ್ರ ಕೆಂಪು ಪಿನ್ನಿಗೆ ಬರುತ್ತಿತ್ತು. ಕೆಂಪನ್ನು ಹಳದಿ ತೂತಿಗೆ, ಹಳದಿಯನ್ನು ಕೆಂಪು ತೂತಿಗೆ ಚುಚ್ಚಿದ್ದರೆ ಮುಗಿಯುತ್ತಿತ್ತು. ಒಂದೇ ವಾಕ್ಯದ ಮಾತು. ಅದನ್ನು ಹೇಳಿಬಿಟ್ಟರೆ ಅವಳು ಮತ್ತೆ ಬರುವುದಿಲ್ಲ.

"ಬೇರೆ ಕೇಬಲ್ ತರಿಸ್ಬೇಕು. ನಾಲ್ಕು ದಿನ ಆಗುತ್ತೆ. ದಿನಾ ಒಂದ್ಸಲ ಬಂದು ವಿಚಾರಿಸಿ."

"ದಿನಾನಾ? ಫೋನ್ ಮಾಡಿದ್ರೆ ಸಾಲದಾ?"

"ಅಂಗಡಿ ಫೋನ್ ಕೆಟ್ಟಿದೆ."

ಹಾಳಾದ ಫೋನು ಆಗಲೇ ರಿಂಗಾಗಬೇಕೇ. ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಹೊರಟಳು. ಬಾಗಿಲ ಹತ್ತಿರ ತುಟಿಯ ಎಡತುದಿ ಮೇಲೆದ್ದಿತ್ತು.

ಮರುದಿನ ಬಂದಳು. ಅದರ ಮರುದಿನವೂ ಬಂದಳು. ಗೋಡೆಯ ಕ್ಯಾಲೆಂಡರ್ ತೋರಿಸಿ, "ಕೊನೇ ಸಾಲು ಓದಿ ನೋಡೋಣ," ಎಂದಳು. ನಾನು ಅವಳನ್ನು ನೋಡುತ್ತಾ ತಪ್ಪು ಓದಿದೆ. "ನಿಮಗೆ ಕನ್ನಡಕ ಗ್ಯಾರಂಟಿ," ಎಂದಳು. ನನಗೆ ಅಷ್ಟು ಖುಷಿಯಾದ ದಿನ ಬೇರೆ ನೆನಪಿಲ್ಲ.

ನಾಲ್ಕನೇ ದಿನ ಬರಲಿಲ್ಲ. ಐದನೇ ದಿನ ಫೋನ್ ಬಂತು.

"ಕೇಬಲ್ ಬಂದಿದ್ರೆ ಮನೆಗೇ ತಂದ್ಕೊಡ್ತೀರಾ?"

ಅವಳಪ್ಪ ಕುರ್ಚಿಯಲ್ಲಿ ಕೂತಿದ್ದರು. ಮುಖ ಟಿವಿಯ ಕಡೆಗಿರಲಿಲ್ಲ, ಪಕ್ಕದ ಗೋಡೆಯ ಕಡೆಗಿತ್ತು.

"ನಿನ್ನೆ ಬೆಳಿಗ್ಗೆ ಎದ್ದು ಲೈಟ್ ಹಾಕು ಅಂದ್ರು," ಅವಳು ಮೆಲ್ಲಗೆ ಹೇಳಿದಳು. "ರೂಮಿನ ತುಂಬಾ ಬಿಸಿಲಿತ್ತು."

ಹೊಸ ಕೇಬಲ್ ಚುಚ್ಚಿದೆ. ಚಿತ್ರ ಚೆನ್ನಾಗಿ ಬಂತು. ಕಿಟಕಿಯ ಪಕ್ಕ ನಿಂತ ಹೆಂಗಸು ಕ್ಯಾಮೆರಾ ಹಿಡಿದವರನ್ನು ಗದರುತ್ತಿದ್ದರು, "ಸಾಕು, ಆಫ್ ಮಾಡ್ರಿ."

"ಕೂದಲು ಕಟ್ಟಿದ್ದಾಳಾ, ಬಿಟ್ಟಿದ್ದಾಳಾ?" ಅಪ್ಪ ಕೇಳಿದರು.

"ಬಿಟ್ಟಿದ್ದಾಳಪ್ಪ."

"ನನ್ನ ಕಡೆ ನೋಡ್ತಿದ್ದಾಳಾ?"

ಮಗಳು ಮುಖ ಆಚೆ ತಿರುಗಿಸಿದಳು. "ನಿಮ್ಮನ್ನೇ ನೋಡ್ತಿದ್ದಾರೆ ಸರ್," ಎಂದೆ ನಾನು.

ಬಾಯಿ ಮುಚ್ಚಿಕೊಂಡು ಹೊರಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಾಗಿಲವರೆಗೆ ಬಂದವಳು, "ನಿಮ್ಮಿಂದ ತುಂಬಾ ಉಪಕಾರ ಆಯ್ತು," ಎಂದಳು. ಆ ಮಾತನ್ನು ನನ್ನಿಂದ ಅರಗಿಸಿಕೊಳ್ಳಲಾಗಲಿಲ್ಲ.

"ಹೊಸ ಕೇಬಲ್ ಬೇಕಿರಲಿಲ್ಲ," ಎಂದೆ. "ಕೆಂಪು, ಹಳದಿ ಅದಲುಬದಲು ಮಾಡಿದ್ರೆ ಅವತ್ತೇ ಚಿತ್ರ ಬರ್ತಿತ್ತು."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀವು ಮತ್ತೆ ಬರಲಿ ಅಂತ ಹೇಳಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಚಿಲಕ ಹಿಡಿದಳು.

"ಬೇರೆ ಕೇಬಲ್ ತರಿಸ್ಬೇಕು ಅಂದ್ರಲ್ಲ, ಅವತ್ತೇ ಪಕ್ಕದ ಬೀದಿ ಅಂಗಡಿಯವರನ್ನ ಕೇಳಿದ್ದೆ," ಎಂದಳು. "ಸಂಜೆ ಮನೆಗೆ ಬಂದು ಸರಿ ಮಾಡ್ಕೊಡ್ತೀನಿ ಅಂದ್ರು. ಬೇಡ ಅಂದೆ. ಸರಿಯಾಗಿಬಿಟ್ರೆ ನಿಮ್ಮ ಅಂಗಡಿಗೆ ಬರೋಕೆ ನೆಪ ಇರಲ್ಲ ಅಂತ."

ಐದು ದಿನದಿಂದ ಅವಳ ಬಾಯಿಂದ ಕೇಳಬೇಕೆಂದು ನಾನು ಒದ್ದಾಡಿದ ಮಾತು ಇದೇ. ಈಗ ಕೇಳಿದಾಗ ತಲೆ ಎತ್ತಲಾಗಲಿಲ್ಲ.

"ಇನ್ನು ಬರಬೇಡಿ," ಎಂದು ಅವಳು ನನ್ನ ಕೈಯನ್ನು ಒಂದು ಗಳಿಗೆ ಹಿಡಿದು ಬಿಟ್ಟಳು. "ನೀವಂದ್ರೆ ನನಗಿಷ್ಟ. ಅದಕ್ಕೇ ಬರಬೇಡಿ."

ಒಳಗಿನಿಂದ ಅಪ್ಪ ಕರೆದರು, "ಇನ್ನೊಂದ್ಸಲ ಹಾಕ್ತೀಯೇನಮ್ಮ?"

ಬಾಗಿಲು ಮುಚ್ಚಿತು. ಮೆಟ್ಟಿಲ ಮೇಲೆ ಬೂಟು ಹಾಕಿಕೊಳ್ಳುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ನನ್ನ ಕಡೆ ನೋಡ್ತಿದ್ದಾಳಾ?"

"ಹೂಂ ಅಪ್ಪ," ಈ ಸಲ ಅವಳೇ ಹೇಳಿದಳು. "ನಿಮ್ಮನ್ನೇ ನೋಡ್ತಿದ್ದಾಳೆ."