ತಟ್ಟೆಗೆ ಮರಳಿದ ಸಕ್ಕರೆ

ಸಿದ್ರಾಯ ಅಂಗೈಯಲ್ಲಿದ್ದ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮೆಲ್ಲಗೆ ತಟ್ಟೆಗೇ ಸುರಿದುಬಿಟ್ಟ.

"ನನಗ ಹುಡುಗಿ ಪಸಂದ ಇಲ್ರಿ," ಎಂದ, ತಲೆ ಎತ್ತದೆ.

ಕಲ್ಲೋಳಿಯ ಆ ಮನೆಯಲ್ಲಿ ಕಂಬಳಿಯ ಮೇಲೆ ಕೂತಿದ್ದ ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಕಸ್ತೂರಿಗೆ ನಂಬಲಾಗಲಿಲ್ಲ.

ಹತ್ತು ನಿಮಿಷದ ಹಿಂದೆ ಹಿತ್ತಲ ಕುರಿದೊಡ್ಡಿಯ ಹತ್ತಿರ ಇದೇ ಮನುಷ್ಯ ನಗುನಗುತ್ತಾ ಮಾತಾಡಿದ್ದ! ಕುಲಗೋಡದವನು, ದನ ಕುರಿಗಳಿಗೆ ಲಸಿಕೆ ಹಾಕುವ ಸರಕಾರಿ ನೌಕರ. ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ ಬೆಂಗಳೂರಿನಲ್ಲಿ ಅವಳನ್ನು ಐದು ದಿನ ಪರೀಕ್ಷಿಸಿದ್ದು, ಕೊನೆಯ ದಿನ ಪಾಸಾದವರಲ್ಲಿ ಅವಳ ಎದೆಯ ಮೇಲಿನ ನಂಬರ್ ಕೂಗಿದ್ದು, ಮೆಡಿಕಲ್ ಕೂಡ ಪಾಸಾಗಿದ್ದು, ಇನ್ನು ಮೆರಿಟ್ ಲಿಸ್ಟ್‌ನಲ್ಲಿ ಹೆಸರು ಬರುವುದೊಂದೇ ಬಾಕಿ ಇದ್ದದ್ದು... ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಲಿಸ್ಟ್ ಬಂದ್ರ ಹೋಗಾಕ ಮನಸ್ಸೈತೇನ್ರಿ?" ಎಂದು ಕೇಳಿದ್ದ.

"ಜೀವಾನ ಅದರಾಗ ಐತ್ರಿ."

ಆದರೆ ಅಷ್ಟು ಹೇಳಿದ ಮನಸ್ಸೇ ಮರುಗಳಿಗೆಗೆ ಜಾರಿತ್ತು. ಇವನೇ ಗಂಡನಾದರೆ ಲಿಸ್ಟ್ ಬಿಟ್ಟರೂ ನಡೆದೀತು...

ಬಿಡಲೇಬೇಕಿತ್ತು. ಮದುವೆಯಾದ ಹುಡುಗಿಯರನ್ನು ಆ ತರಬೇತಿಗೆ ಸೇರಿಸಿಕೊಳ್ಳುವುದಿಲ್ಲ. ಈ ನಿಯಮದ ಬಗ್ಗೆ ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಅವರ ಮಂದಿಯಲ್ಲಿ ಗಂಡು ಸಕ್ಕರೆ ತಿಂದರೆ ಮದುವೆ ನಿಶ್ಚಯವಾದಂತೆ. ದೀಪಾವಳಿ ಕಳೆದು ಕುರಿಹಿಂಡು ಮೇವು ಹುಡುಕಿ ಊರು ಬಿಡುವುದರೊಳಗೆ ಅಕ್ಷತೆ ಬೀಳಬೇಕು. ಗಂಡಸರೆಲ್ಲ ಹಿಂಡಿನ ಹಿಂದೆ ಹೋದ ಮೇಲೆ ಮದುವೆ ಮಾಡುವವರು ಯಾರು?

ಆ ದಿನ ಅಂಥದ್ದೇನೂ ಬೇಕಾಗಲಿಲ್ಲ. ಬಂದವರು ಚಪ್ಪಲಿ ಮೆಟ್ಟಿ ಹೊರಟರು. ಬಿಸಿಲಲ್ಲಿ ಓಡಿ ಕಪ್ಪಾದ ಹುಡುಗಿ ಯಾರಿಗೆ ಬೇಕು ಅಂತ ಕಸ್ತೂರಿ ತನಗೆ ತಾನೇ ಹೇಳಿಕೊಂಡಳು.

ದೀಪಾವಳಿ ಮುಗಿಯಿತು. ಅಪ್ಪ ಲಗಮಪ್ಪ ಹಿಂಡು ಹೊಡೆದುಕೊಂಡು ಹೋದ. ಲಿಸ್ಟ್ ಬರಲಿಲ್ಲ.

"ಲಿಸ್ಟ್ ಬಂತೇನವಾ?" ನಳದ ಹತ್ತಿರ ಅದೇ ಪ್ರಶ್ನೆ. ಗೋಕಾಕದ ಬಸ್ಸಿನಲ್ಲಿ ಅದೇ ಪ್ರಶ್ನೆ. ಊರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ!

ಬೆಳಿಗ್ಗೆ ಎದ್ದು ಮೊಬೈಲ್ ನೋಡುವುದು, ಮಧ್ಯಾಹ್ನ ನೋಡುವುದು, ರೊಟ್ಟಿ ಬಡಿಯುತ್ತಾ ಹಿಟ್ಟಿನ ಕೈಯಲ್ಲೇ ನೋಡುವುದು. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು. ಬೆಳಗಿನ ಓಟವನ್ನೂ ಅವಳು ಬಿಟ್ಟಳು.

ಫೆಬ್ರುವರಿಯ ಒಂದು ಮಧ್ಯಾಹ್ನ ಲಿಸ್ಟ್ ಬಂತು. ಮೂರು ಸಲ ಓದಿದಳು. ಮಂಡಳಿ ಪಾಸು ಮಾಡಿದವರು ಹೆಚ್ಚು, ಇದ್ದ ಜಾಗ ಕಡಿಮೆ. ಅವಳ ಹೆಸರು ಇರಲಿಲ್ಲ.

ಅಳು ಬರಲಿಲ್ಲ. ಅಳುವುದಕ್ಕೂ ಶಕ್ತಿ ಬೇಕಲ್ಲ.

"ಹೋಗ್ಲಿ ಬಿಡು. ಮೊದಲ ಒಂದ ರೊಟ್ಟಿ ತಿನ್ನು," ಎಂದಳು ಅವ್ವ ಶೆಟ್ಟೆವ್ವ.

ಮೂರನೆಯ ದಿನ ಸಂಜೆ ಅಂಗಳದಲ್ಲಿ ಬೈಕ್ ನಿಂತಿತು. ಸಿದ್ರಾಯ!

"ನಮ್ಮನಿ ಸಕ್ಕರಿ ಸೇರದಾಂವ ಈಗ್ಯಾಕ ಬಂದಿ?" ಶೆಟ್ಟೆವ್ವ ಬಾಗಿಲಲ್ಲೇ ತಡೆದಳು.

"ಬೈರಿ ಅತ್ತಿ. ನಂದ ತಪ್ಪೈತಿ. ಆದ್ರ ಕಸ್ತೂರಿ ಕೂಡ ಎರಡ ಮಾತಾಡಿ ಹೋಗ್ತೇನ್ರಿ."

"ಯಾರಿಗ್ಯಾರು ಅತ್ತಿ?" ಎಂದು ಗೊಣಗುತ್ತಲೇ ಅವಳು ದಾರಿ ಬಿಟ್ಟಳು.

ಖಾಲಿ ಕುರಿದೊಡ್ಡಿಯ ಕಲ್ಲಿನ ಮೇಲೆ ಕೂತಿದ್ದ ಕಸ್ತೂರಿ ಏಳಲಿಲ್ಲ.

"ಲಿಸ್ಟ್ ನೋಡಿದೆ," ಎಂದ.

"ಹೆಸರಿಲ್ಲಂತ ಗೊತ್ತಾಗಿ ಬಂದ್ರೇನು? ನನಗ ಯಾರ ಕನಿಕರಾನೂ ಬ್ಯಾಡ್ರಿ."

ಅವನು ಜೇಬಿನಿಂದ ಮಡಚಿದ ಹಳೆಯ ಕಾಗದಗಳನ್ನು ತೆಗೆದ. ಅದೇ ಆಯ್ಕೆ ಮಂಡಳಿಯ ಕರೆಪತ್ರ. ಮೂರು ಇದ್ದವು. ಮೂರರ ಮೇಲೂ ಅವನ ಹೆಸರು.

"ಮೂರು ಸಲ ಹೋಗೇನ್ರಿ. ಮೂರು ಸಲಾನೂ ಮೊದಲನೇ ದಿನಾನ ಮನಿಗೆ ಕಳಿಸಿದ್ರು. ಮದಿವಿ ಆದ್ರ ಹುಡುಗ್ಯಾರನ್ನ ತಗೋಳುದಿಲ್ಲ ಅನ್ನೂದು ನನಗ ಗೊತ್ತಿತ್ತು. ಅವತ್ತ ಸಕ್ಕರಿ ತಿಂದಿದ್ರ ತಿಂಗಳದಾಗ ನಿಮ್ಮ ಕೊಳ್ಳಾಗ ತಾಳಿ. ಮುಂದ ಲಿಸ್ಟ್ ಬಂದ್ರೂ ಏನು ಉಪಯೋಗ?"

ಕಸ್ತೂರಿ ತಿರುಗಿ ನೋಡಿದಳು.

"ಖರೆ ಕಾರಣ ಹೇಳಿದ್ರ ನಿಮ್ಮ ಮನ್ಯಾಗ ಲಿಸ್ಟ್ ಆಸೆ ಬಿಡು ಅಂತಿದ್ರು. ಅದಕ್ಕ ತಪ್ಪು ನನ್ನ ಮ್ಯಾಲ ಇರಲಿ ಅಂದೆ."

"ನನಗಾದ್ರೂ ಹೇಳಬಾರದಿತ್ತೇನ್ರಿ? ನಾಕ ತಿಂಗಳು..."

"ಹೇಳಿದ್ರ ನೀವ ಲಿಸ್ಟ್ ಬಿಡ್ತಿದ್ರಿ."

ಬಿಡುತ್ತಿದ್ದದ್ದು ನಿಜ.

"ನಮ್ಮಪ್ಪನ್ನ ಒಪ್ಪಿಸೇನಿ. ಸಕ್ಕರಿ ಈಗ, ಅಕ್ಷತಿ ನೀವು ಹೇಳಿದಾಗ. ನಿಮಗ ವಯಸ್ಸಿನ ಮಿತಿ ಮುಗ್ಯಾಕ ಇನ್ನೂ ಎರಡು ವರ್ಷ ಐತಿ. ಮತ್ತ ಅರ್ಜಿ ಕರದಾರ."

"ನನಗ ಸಾಕಾಗೇತ್ರಿ. ಮತ್ತ ಕಾಯಾಕ ಆಗೂದಿಲ್ಲ."

"ಇವತ್ತ ಬ್ಯಾಡ್ರಿ. ದಣದೀರಿ, ಸುಮ್ನ ಕೂಡ್ರಿ. ಅರ್ಜಿಗೆ ಇನ್ನೂ ಒಂದು ತಿಂಗಳು ಐತಿ."

ಆಗ ಅವಳಿಗೆ ಅಳು ಬಂತು. ನಾಲ್ಕು ತಿಂಗಳಿಂದ 'ಲಿಸ್ಟ್ ಬಂತಾ' ಅಂದವರೇ ಎಲ್ಲ. ದಣಿದಿದ್ದೀ ಅಂದವನು ಇವನೊಬ್ಬನೇ. ಅವನು ಕಲ್ಲಿನ ಇನ್ನೊಂದು ತುದಿಗೆ ಕೂತು, ಅಳು ಮುಗಿಯುವವರೆಗೂ ಕಾದ.

"ಕಾಯೂದಂದ್ರ ಏನಂತ ನಿಮಗ ಗೊತ್ತಿಲ್ರಿ," ಎಂದಳು ಸೆರಗಿನಲ್ಲಿ ಮುಖ ಒರೆಸುತ್ತಾ.

"ನಾನೂ ದಿನಾ ಮೂರು ಹೊತ್ತು ಲಿಸ್ಟ್ ನೋಡೇನಿ, ಕಸ್ತೂರಿ."

ಬಾಗಿಲ ಹಿಂದೆ ನಿಂತು ಕೇಳುವ ಪಾಳಿ ಈಗ ಶೆಟ್ಟೆವ್ವನದು. ಇಬ್ಬರೂ ಒಳಗೆ ಬರುವಷ್ಟರಲ್ಲಿ ಅವಳು ಕಂಬಳಿ ಹಾಸಿ, ಸಕ್ಕರೆ ತಟ್ಟೆ ಇಟ್ಟು, ಲಗಮಪ್ಪನಿಗೆ ಫೋನ್ ಹಚ್ಚಿಕೊಂಡು ಅಂಗಳಕ್ಕೆ ಹೋಗಿದ್ದಳು.

ಸಿದ್ರಾಯ ಕಂಬಳಿಯ ಮೇಲೆ ಕೂತು ಅಂಗೈ ಒಡ್ಡಿದ. ಕಸ್ತೂರಿ ಸಕ್ಕರೆ ಹಾಕಿದಳು. ಒಂದು ಕಾಳೂ ಬಿಡದೆ ತಿಂದ.

"ಅವತ್ತ ಇಲ್ಲೇ ಕುಂತು ಪಸಂದ ಇಲ್ಲ ಅಂದ್ರಿ."

"ಸುಳ್ಳ ಹೇಳೂಮುಂದ ನಿಮ್ಮ ಮಾರಿ ನೋಡಾಕ ಆಗಲಿಲ್ಲ. ತಲಿ ತಗ್ಗಿಸಿದ್ದೆ."

"ಈಗ ತಲಿ ಎತ್ತಿ ಹೇಳ್ರಿ."

ಅವನು ತಲೆ ಎತ್ತಿದ.

"ಪಸಂದ ಅದೀ."